ಮಗುವಿಗೆ ಯಾವ ಸಿರಪ್ ಕೊಡಲಿ ಎನ್ನುವವರಿಗೆ

ಪ್ರಶ್ನೆ: ಮಗನಿಗೆ 14 ತಿಂಗಳು. ಎರಡು ಸಲ ನ್ಯುಮೋನಿಯಾ ಆಗಿದೆ, ಕಿವಿ ಸೋರೋದು ನಿಂತೇ ಇಲ್ಲ. ರೋಗನಿರೋಧಕ ಶಕ್ತಿಗೆ ಯಾವ ಸಿರಪ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಕೇಳುವವರು ಬದಲಾಗುತ್ತಾರೆ, ಈ ಪ್ರಶ್ನೆ ಬದಲಾಗೋದಿಲ್ಲ. ಇಷ್ಟು ಸೋಂಕಾದರೆ ಒಂದು ಅನುಮಾನ ಇರಲಿ: ಕೆಲವು ಗಂಡುಮಕ್ಕಳಲ್ಲಿ ಬಿಟಿಕೆ ಎಂಬ ಜೀನ್ ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಪ್ರತಿಕಾಯ, ಅಂದರೆ ರೋಗಾಣುಗಳ ವಿರುದ್ಧ ಹೋರಾಡುವ ಪ್ರೋಟೀನು, ತಯಾರಿಸುವ ಬಿ ಕಣಗಳು (ಒಂದು ಬಗೆಯ ಬಿಳಿ ರಕ್ತಕಣ) ಬೆಳೆಯುವುದೇ ಇಲ್ಲ. ಒಲೆಯೇ ಇಲ್ಲದ ಮನೆಗೆ ಸೌದೆ ತಂದು ಹಾಕಿದ ಹಾಗೆ ನಿಮ್ಮ ಸಿರಪ್.

‘ಹುಟ್ಟಿದಾಗ ಚೆನ್ನಾಗಿಯೇ ಇದ್ದ’ ಅಂತೀರಿ. ಇದ್ದೇ ಇರುತ್ತಾನೆ. ಗರ್ಭದಲ್ಲಿರುವಾಗ ಅಮ್ಮನ ಐಜಿಜಿ ಎಂಬ ಬಗೆಯ ಪ್ರತಿಕಾಯ ಮಗುವಿಗೆ ಬಂದಿರುತ್ತದೆ. ಅದು ಸುಮಾರು ಮೂರು ವಾರಕ್ಕೊಮ್ಮೆ ಅರ್ಧಕ್ಕಿಳಿಯುತ್ತಾ, ಆರು ತಿಂಗಳ ಹೊತ್ತಿಗೆ ಹೆಚ್ಚುಕಡಿಮೆ ಮುಗಿಯುತ್ತದೆ. ಕಾಯಿಲೆಗಳು ಶುರುವಾಗೋದು ಆಮೇಲೆ. ಸರಿಯಾಗಿ ಆಗಲೇ ‘ಹಲ್ಲು ಬರ್ತಿದೆ, ಅದಕ್ಕೇ’ ಎನ್ನುವವರು ಸಿಗುತ್ತಾರೆ. ಹಲ್ಲು ಬಂದರೆ ನ್ಯುಮೋನಿಯಾ ಬರೋದಿಲ್ಲ ಸ್ವಾಮಿ.

ಇಂಥ ಮಗುವಿನ ಬಾಯಿಗೆ ಟಾರ್ಚ್ ಬಿಟ್ಟರೆ ಟಾನ್ಸಿಲ್ ಇರಬೇಕಾದ ಜಾಗ ನುಣ್ಣಗೆ, ಖಾಲಿ. ಇಷ್ಟು ಸೋಂಕಾದ ಮಗುವಿಗೆ ಅವು ಊದಿರಬೇಕಿತ್ತು, ಅಲ್ವಾ? ತಾಯಿಯ ಕಡೆ ಯಾರಾದರೂ ಗಂಡುಮಕ್ಕಳು ಎಳೆಯದರಲ್ಲೇ ಸೋಂಕಿನಿಂದ ತೀರಿಕೊಂಡಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ರಕ್ತದಲ್ಲಿ ಐಜಿಜಿ, ಐಜಿಎ, ಐಜಿಎಂ ಎಂಬ ಮೂರು ಬಗೆಯ ಪ್ರತಿಕಾಯಗಳ ಪರೀಕ್ಷೆ ಮಾಡಿಸಿ. ಲ್ಯಾಬ್ ವರದಿಯ ಬದಿಯಲ್ಲಿ ಎಷ್ಟೋ ಸಲ ದೊಡ್ಡವರ ಅಳತೆಯೇ ಅಚ್ಚಾಗಿರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಮಗುವಿನ ವಯಸ್ಸಿನ ಅಳತೆಗೆ ಹೋಲಿಸಿ ನೋಡಿ. ಪರೀಕ್ಷೆಗೆ ಮುಂಚೆಯೇ ಇಮ್ಯುನೋಗ್ಲಾಬ್ಯುಲಿನ್ (ರಕ್ತದಾನಿಗಳಿಂದ ಪಡೆದ ಪ್ರತಿಕಾಯದ ಇಂಜೆಕ್ಷನ್) ಹಾಕಿಸಿಬಿಟ್ಟರೆ ವರದಿಯಲ್ಲಿ ಕಾಣೋದು ದಾನಿಗಳ ಪ್ರತಿಕಾಯ, ಮಗುವಿನದಲ್ಲ. ವರದಿ ಬರುವ ತನಕ ಬಾಯಿಗೆ ಹಾಕುವ ಪೋಲಿಯೊ ಹನಿ ಬೇಡ. ಅದರಲ್ಲಿರೋದು ಜೀವಂತ ವೈರಸ್. ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಪುಕ್ಕಲು.

ಪ್ರತಿಕಾಯದ ಕೊರತೆ ಖಚಿತವಾದರೆ ದಾರಿ ಇದೆ. 1952ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಆಗ್ಡನ್ ಬ್ರೂಟನ್ 8 ವರ್ಷದ ಹುಡುಗನೊಬ್ಬನ ಬಗ್ಗೆ ಬರೆದಾಗಿನಿಂದ ಅದೇ ದಾರಿ: ಇಲ್ಲದ ಪ್ರತಿಕಾಯವನ್ನು ಹೊರಗಿನಿಂದ ತುಂಬುವುದು. ಈಗ ರಕ್ತನಾಳಕ್ಕಾದರೆ 3–4 ವಾರಕ್ಕೊಮ್ಮೆ, ಜೀವನಪೂರ್ತಿ.

ಪ್ರಶ್ನೆ: 6 ವರ್ಷದ ಮಗಳಿಗೆ ಐಜಿಎ ಮಾತ್ರ ಕಡಿಮೆ. ಕಾಯಿಲೆ ಏನೂ ಇಲ್ಲ.

ಉತ್ತರ: ಹಾಗಾದರೆ ಸುಮ್ನೆ ಆಡಲು ಬಿಡಿ.

ಪ್ರಶ್ನೆ: ಒಬ್ಬರು ಪುಡಿ ಕೊಟ್ಟು ಆರು ತಿಂಗಳಲ್ಲಿ ಇಂಜೆಕ್ಷನ್ ಬಿಡಿಸ್ತೀನಿ ಅಂದಿದ್ದಾರೆ.

ಉತ್ತರ: ಮೊದಲು ಅವರನ್ನು ಬಿಡಿ.

ಪ್ರಶ್ನೆ: ಎದೆಹಾಲು ಜಾಸ್ತಿ ದಿನ ಕೊಟ್ಟರೆ ಈ ಕೊರತೆ ತುಂಬುತ್ತಾ?

ಉತ್ತರ: ಹಾಲು ಕೊಡಿ, ಒಳ್ಳೆಯದೇ. ಆದರೆ ಅದರ ಪ್ರತಿಕಾಯ ಕೆಲಸ ಮಾಡೋದು ಕರುಳಿನಲ್ಲಿ. ರಕ್ತದ ಕೊರತೆ ಅದರಿಂದ ತುಂಬೋದಿಲ್ಲ.