ಇಂಗ್ಲೆಂಡಿನ ಹಳೇ ಮರದ ಚೌಕಟ್ಟಿನ ರೈತರ ಮನೆಗಳಲ್ಲಿ ಚಿಮಣಿ ಇರಲಿಲ್ಲವಂತೆ, ಹೊಗೆ ಎಲ್ಲಿ ಹೋಗುತ್ತಿತ್ತು?

ಸೀದಾ ಮೇಲಕ್ಕೆ. ಬೇಲೀಫ್ ಅನ್ನೋ ಮನೆಯನ್ನೇ ತಗೊಳ್ಳಿ. 15ನೇ ಶತಮಾನದ ಆರಂಭದಲ್ಲಿ ಕೆಂಟ್‌ನ ಚಿಡಿಂಗ್‌ಸ್ಟೋನ್ ಹತ್ತಿರ ಕಟ್ಟಿದ್ದು. ನಡುವಿನ ಹಜಾರಕ್ಕೆ ಅಟ್ಟವೇ ಇಲ್ಲ. ನೆಲದ ಮೇಲೇ ಬೆಂಕಿ. ಹೊಗೆ ಮಾಡಿನವರೆಗೆ ಏರಿ ಸಂದುಗಳಲ್ಲಿ ಹೊರಗೆ ಹೋಗುತ್ತಿತ್ತು. ಇಂಥ ಮನೆಗಳ ಮಾಡಿನ ಮರಕ್ಕೆ ಹಿಡಿದ ಮಸಿ ಇವತ್ತಿಗೂ ಅದಕ್ಕೆ ಸಾಕ್ಷಿ. ಕಿಟಕಿಗೆ ಗಾಜಿಲ್ಲ, ಬರೀ ಮರದ ಸರಳು, ಒಳಗೆ ಬಾಗಿಲು. ಚಳಿಗಾಲದಲ್ಲಿ ಹೇಗಿರುತ್ತಿದ್ದರೋ! ಇಟ್ಟಿಗೆ ಚಿಮಣಿ ಬಂದದ್ದು ಆಮೇಲೆ.

ಹಜಾರದ ಎರಡೂ ಬದಿಗೆ ಮಾತ್ರ ಮಹಡಿ. ಮೇಲಿನ ಕೋಣೆಗಳು ಮುಂದಕ್ಕೆ ಚಾಚಿಕೊಂಡಿವೆ. ಕೆಳಗೆ ಒಂದು ಕಡೆ ಉಗ್ರಾಣ, ಇನ್ನೊಂದು ಕಡೆ ಯಜಮಾನರ ಖಾಸಗಿ ಕೋಣೆ.

ನನಗೆ ಜಾಸ್ತಿ ಇಷ್ಟ ಬಡಗಿಗಳ ಕೆಲಸ. ಓಕ್ ಮರವನ್ನು ಹಸಿಯಾಗಿದ್ದಾಗಲೇ ಕೆತ್ತುತ್ತಿದ್ದರು, ಒಣಗಿದರೆ ಉಳಿ ಇಳಿಯೋದು ಕಷ್ಟ. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರ ಕುಳಿಗೆ ಕೂರಿಸಿ, ಅಡ್ಡಕ್ಕೆ ಮರದ ಗೂಟ ಹೊಡೆಯುವುದು. ಎರಡು ತುಂಡುಗಳ ಗೂಟದ ತೂತುಗಳನ್ನು ಬೇಕಂತಲೇ ಒಂದಕ್ಕೊಂದು ತುಸು ಸರಿಸಿ ಕೊರೆಯುತ್ತಿದ್ದರು, ಗೂಟ ಒಳಗಿಳಿದಂತೆ ಸಂದು ಬಿಗಿಯಾಗುತ್ತದೆ. ಯಾವ ತುಂಡು ಎಲ್ಲಿಗೆ ಅಂತ ರೋಮನ್ ಅಂಕಿಗಳಂಥ ಗುರುತು ಬೇರೆ.

ಭಾರವೆಲ್ಲ ಕಂಬಗಳ ಮೇಲೆ. ಗೋಡೆ ಅಂದರೆ ಸುಮ್ನೆ ತಟ್ಟಿ ಹೆಣೆದು ಮಣ್ಣು, ಹುಲ್ಲು, ಸಗಣಿ ಮೆತ್ತಿದ್ದು.

ಹಾಗಾಗಿ ಇಡೀ ಚೌಕಟ್ಟನ್ನು ಬಿಚ್ಚಬಹುದು. 1960ರ ದಶಕದಲ್ಲಿ ಅಲ್ಲಿ ಜಲಾಶಯ ಬಂದಾಗ ಬೇಲೀಫನ್ನು ಬಿಚ್ಚಿದರು. ಈಗ ಅದು ವೆಸ್ಟ್ ಸಸೆಕ್ಸ್‌ನ ಸಿಂಗಲ್‌ಟನ್ ಮ್ಯೂಸಿಯಂನಲ್ಲಿ ನಿಂತಿದೆ.