ಮಂಗಳೂರಿಗೆ ಹೋದರೆ ಎಲ್ಲಿ ಉಳಿಯೋದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಎರಡು ರಾತ್ರಿಗೆಂದು ಮನೆಮಂದಿ ಐವರು ಹೊರಟಿದ್ದೇವೆ. ಇಬ್ಬರಿಗೆ ಎಪ್ಪತ್ತು ದಾಟಿದೆ. ಕದ್ರಿ, ಕುದ್ರೋಳಿ, ಮಂಗಳಾದೇವಿ ದರ್ಶನವಾಗಬೇಕು, ಮಕ್ಕಳಿಗೆ ಬೀಚೂ ಬೇಕು. ಬೋಳೂರಿನ ಒಂದು ಮನೆ ಸಮುದ್ರಕ್ಕೆ ಹತ್ತಿರ ಎಂದು ಆ್ಯಪ್ ತೋರಿಸುತ್ತಿದೆ. ಬುಕ್ ಮಾಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಆ್ಯಪ್ ಹೇಳುವ ದೂರ ಹಕ್ಕಿಗೆ ಸರಿ, ನಿಮಗಲ್ಲ. ಮಂಗಳೂರು ಪೇಟೆಗೂ ಕಡಲಿಗೂ ನಡುವೆ ಹೊಳೆ ಇದೆ. ಉತ್ತರದಿಂದ ಗುರುಪುರ ಹೊಳೆ, ಅಂದರೆ ಫಲ್ಗುಣಿ, ದಕ್ಷಿಣದಿಂದ ನೇತ್ರಾವತಿ ಬಂದು ಅಳಿವೆಯಲ್ಲಿ ಕೂಡುತ್ತವೆ. ಬೋಳೂರು, ಹಳೆ ಬಂದರು, ಬೋಳಾರ ಎಲ್ಲವೂ ಹೊಳೆಯ ದಡ. ಕಡಲು ಇರುವುದು ಆಚೆ ದಡದ ಬೆಂಗರೆ, ತಣ್ಣೀರುಬಾವಿಯ ಬೆನ್ನಿಗೆ. ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಫೆರಿ ದೋಣಿ ಇದೆ, ಕೆಲವೇ ನಿಮಿಷದ ದಾರಿ. ಆದರೆ ಕಾರು ದಾಟದು, ಕತ್ತಲಾದ ಮೇಲೆ ದೋಣಿ ಸಿಗದು, ಮಳೆಗಾಲದಲ್ಲಿ ಹೊಳೆ ಏರಿದರೆ ಓಡಾಟವೇ ಇಲ್ಲ. ಕಾರಿನಲ್ಲಾದರೆ ಕೂಳೂರು ಸೇತುವೆ ಬಳಸಿಯೇ ಹೋಗಬೇಕು.

ನಿಮ್ಮ ಪಟ್ಟಿಗೆ ಲಾಲ್‌ಬಾಗ್, ಲೇಡಿಹಿಲ್, ಮಣ್ಣಗುಡ್ಡೆಯ ಸುತ್ತಮುತ್ತ ಒಳ್ಳೆಯದು. ಕುದ್ರೋಳಿ, ಕದ್ರಿ ಎರಡೂ ರಿಕ್ಷಾದಲ್ಲಿ ಹತ್ತು–ಹದಿನೈದು ನಿಮಿಷ. ಪಣಂಬೂರು ಬೀಚಿಗೆ ಕೊಟ್ಟಾರ ಚೌಕಿ, ಕೂಳೂರು ಮೇಲೆ ನೇರ ದಾರಿ, ನಡುಪೇಟೆ ಹಂಪನಕಟ್ಟೆಯ ಟ್ರಾಫಿಕ್ಕಿಗೆ ಸಿಕ್ಕಬೇಕಿಲ್ಲ. ಮಂಗಳಾದೇವಿ ಮಾತ್ರ ಊರಿನ ದಕ್ಷಿಣ ತುದಿ. ಅದನ್ನು ಶಾಲೆ, ಆಫೀಸಿನ ಓಡಾಟ ಶುರುವಾಗುವ ಮುಂಚೆ, ಎಂಟು ಗಂಟೆಯೊಳಗೆ ಮುಗಿಸಿ. ಮಧ್ಯಾಹ್ನ ದೇವಸ್ಥಾನಗಳ ಬಾಗಿಲು ಹಾಕುತ್ತಾರೆ, ಆ ಹೊತ್ತು ಊಟಕ್ಕೂ ನಿದ್ದೆಗೂ ಇಡಿ. ಬೀಚಿಗೆ ನಾಲ್ಕೂವರೆಯ ನಂತರ ಹೊರಟರೆ ಸಾಕು, ಅದಕ್ಕೂ ಮುಂಚೆ ಮರಳು ಕಾಲು ಸುಡುತ್ತದೆ.

ಬುಕ್ ಮಾಡುವ ಮುಂಚೆ ಫೋನಿನಲ್ಲಿ ಒಂದು ಮಾತು ಕೇಳಲೇಬೇಕು: ರಸ್ತೆಯಿಂದ ರೂಮಿನ ಬಾಗಿಲಿಗೆ ಎಷ್ಟು ಮೆಟ್ಟಿಲು? ಮಂಗಳೂರು ಗುಡ್ಡ-ತಗ್ಗಿನ ಊರು. ‘ಗ್ರೌಂಡ್ ಫ್ಲೋರ್’ ಅಂದದ್ದು ರಸ್ತೆಯಿಂದ ಹದಿನೈದು ಮೆಟ್ಟಿಲು ಕೆಳಗಿರಬಹುದು, ಲಿಫ್ಟ್ ಇದ್ದರೂ ಅದು ಶುರುವಾಗುವುದು ಆ ಮೆಟ್ಟಿಲುಗಳ ನಂತರ. ಮೊಣಕಾಲು ನೋವಿನವರಿಗೆ ಇದೇ ದೊಡ್ಡ ತೊಡಕು, ಬೀಚಿನ ದೂರವಲ್ಲ.

ಎದ್ದ ಕೂಡಲೇ ಅಲೆ ಕಾಣಬೇಕು ಅನ್ನುವ ಆಸೆ ಇದ್ದರೆ ಪೇಟೆಯನ್ನೇ ಬಿಡಿ. ಉತ್ತರದಲ್ಲಿ ಸುರತ್ಕಲ್, ಸಸಿಹಿತ್ಲು ಇವೆ, ದಕ್ಷಿಣದಲ್ಲಿ ಉಳ್ಳಾಲ–ಸೋಮೇಶ್ವರ. ಸೋಮೇಶ್ವರದಲ್ಲಿ ಬಂಡೆಗಳಿವೆ, ಸೆಳೆತ ಜೋರು. ನೋಡಲು ಚೆಂದ, ಮಕ್ಕಳನ್ನು ನೀರಿಗೆ ಇಳಿಸುವ ಜಾಗವಲ್ಲ. ಪಣಂಬೂರಿನ ಪಕ್ಕದಲ್ಲೇ ಉಳಿಯುವ ಯೋಚನೆ ಬೇಡ. ಅದು ನವಮಂಗಳೂರು ಬಂದರಿನ ಬಗಲು, ಬೈಕಂಪಾಡಿಯ ಕೈಗಾರಿಕಾ ಪ್ರದೇಶದ ನೆರೆ. ರಾತ್ರಿಯಿಡೀ ಹೆದ್ದಾರಿಯ ಲಾರಿ ಸದ್ದು.

ಪ್ರಶ್ನೆ: ಒಂದು ದಿನದ ಕೋರ್ಟು ಕೆಲಸ. ರೈಲು ಬೆಳಗಿನ ಜಾವ ಮುಟ್ಟುತ್ತದೆ. ಸ್ಟೇಷನ್ ಹತ್ತಿರವೇ ರೂಮು ಹಿಡಿಯಲೇ?
– ಓದುಗರು, ಹುಬ್ಬಳ್ಳಿ

ಉತ್ತರ: ಯಾವ ಸ್ಟೇಷನ್? ಟಿಕೆಟ್ಟಿನಲ್ಲಿ ಎಂಎಕ್ಯೂ ಎಂದಿದ್ದರೆ ಮಂಗಳೂರು ಸೆಂಟ್ರಲ್, ಹಂಪನಕಟ್ಟೆಗೆ ಸುಮಾರು ಒಂದು ಕಿ.ಮೀ. ಎಂಎಜೆಎನ್ ಎಂದಿದ್ದರೆ ಜಂಕ್ಷನ್, ಅದು ಪಡೀಲ್ ಕಡೆ, ಪೇಟೆಯಿಂದ ಐದಾರು ಕಿ.ಮೀ. ಹಳಬರು ಈಗಲೂ ಅದನ್ನು ಕಂಕನಾಡಿ ಸ್ಟೇಷನ್ ಅನ್ನುತ್ತಾರೆ. ಆ ಹೆಸರು ಕೇಳಿ ಕಂಕನಾಡಿ ಪೇಟೆಯಲ್ಲಿ ರೂಮು ಮಾಡಿದರೆ ಮೋಸಹೋದಿರಿ.

ಜಿಲ್ಲಾ ನ್ಯಾಯಾಲಯ ಕೊಡಿಯಾಲಬೈಲಿನಲ್ಲಿದೆ. ಹಾಗಾಗಿ ಎಲ್ಲಿ ಇಳಿದರೂ ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆ, ಪಿವಿಎಸ್ ಸರ್ಕಲ್ ನಡುವಿನ ಲಾಡ್ಜೇ ಸೂಕ್ತ, ನಡೆದೇ ಹೋಗಬಹುದು. ‘24 ಗಂಟೆ ಚೆಕ್‌ಔಟ್’ ಇದೆಯೇ ಎಂದು ಕೇಳಿಕೊಳ್ಳಿ. ಮಧ್ಯಾಹ್ನ 12ರ ಲೆಕ್ಕದ ಹೋಟೆಲಿನಲ್ಲಿ ಬೆಳಿಗ್ಗೆ ಆರಕ್ಕೆ ಒಳಹೊಕ್ಕರೆ ಎರಡು ದಿನದ ಬಾಡಿಗೆ ಬೀಳಬಹುದು. ಕಾರಿನಲ್ಲಿ ಬರುವವರಿಗೆ ಮಾತ್ರ ಈ ಜಾಗ ಹೇಳುವುದಿಲ್ಲ: ಒನ್‌ವೇ, ಪಾರ್ಕಿಂಗ್ ಎರಡೂ ತಲೆನೋವು. ಇನ್ನೊಂದು: ಕೆಎಸ್‌ಆರ್‌ಟಿಸಿ ನಿಲ್ದಾಣ ಇರುವುದು ಬಿಜೈಯಲ್ಲಿ, ಸಿಟಿ ಬಸ್ಸು ಮತ್ತು ಖಾಸಗಿ ಸರ್ವಿಸ್ ಬಸ್ಸು ಹೊರಡುವುದು ‘ಸ್ಟೇಟ್ ಬ್ಯಾಂಕ್’ ಎಂದೇ ಕರೆಯುವ ನಿಲ್ದಾಣದಿಂದ. ಬರೀ ‘ಬಸ್ ಸ್ಟ್ಯಾಂಡ್’ ಅಂದರೆ ರಿಕ್ಷಾದವರು ‘ಯಾವುದು?’ ಎಂದೇ ಕೇಳುತ್ತಾರೆ.

ಪ್ರಶ್ನೆ: ತಂದೆಯವರ ಆಪರೇಷನ್‌ಗೆ ಹತ್ತು ದಿನ ಇರಬೇಕು. ಪೇಟೆಯಲ್ಲಿ ಉಳಿದರೆ ಅನುಕೂಲವಲ್ಲವೇ?
– ಓದುಗರು, ಶಿವಮೊಗ್ಗ

ಉತ್ತರ: ಆಸ್ಪತ್ರೆ ನೇತ್ರಾವತಿಯ ಯಾವ ಬದಿ ಎಂಬುದರ ಮೇಲಿದೆ. ದೇರಳಕಟ್ಟೆಯ ಆಸ್ಪತ್ರೆಗಳಾದರೆ ಸೇತುವೆಯ ಆಚೆ, ದೇರಳಕಟ್ಟೆ ಅಥವಾ ತೊಕ್ಕೊಟ್ಟಿನಲ್ಲೇ ಉಳಿಯಿರಿ. ಹಂಪನಕಟ್ಟೆಯಿಂದ ಅಲ್ಲಿಗೆ ಹತ್ತು ಕಿ.ಮೀ. ಮೀರುತ್ತದೆ. ಸಂಜೆ ಪಂಪ್‌ವೆಲ್‌ನಲ್ಲಿ ವಾಹನ ಕಟ್ಟಿಕೊಂಡರೆ ವಿಸಿಟಿಂಗ್ ಅವರ್ ಅಲ್ಲೇ ಮುಗಿಯುತ್ತದೆ. ರಾತ್ರಿ ಒಂಬತ್ತರ ಮೇಲೆ ಸಿಟಿ ಬಸ್ ನಂಬುವಂತಿಲ್ಲ, ರಿಕ್ಷಾವೇ ಗತಿ. ಫಾದರ್ ಮುಲ್ಲರ್ಸ್ ಆದರೆ ಕಂಕನಾಡಿ, ಫಳ್ನೀರ್. ಎ.ಜೆ. ಆದರೆ ಕುಂಟಿಕಾನ, ಬಿಜೈ. ಕೆಎಂಸಿ ಎರಡು ಕಡೆ ಇದೆ, ಜ್ಯೋತಿಯ ಅಂಬೇಡ್ಕರ್ ವೃತ್ತದಲ್ಲಿ ಒಂದು, ಅತ್ತಾವರದಲ್ಲಿ ಒಂದು. ಡಾಕ್ಟರ ಚೀಟಿಯಲ್ಲಿ ಯಾವುದೆಂದು ನೋಡಿಕೊಂಡೇ ಮುಂಗಡ ಕೊಡಿ.

ಹತ್ತು ದಿನವಾದ್ದರಿಂದ ದಿನದ ಬಾಡಿಗೆ ಬೇಡ, ವಾರದ ದರ ಕೇಳಿ. ಗಂಜಿ ಬೇಯಿಸಲು ಒಲೆ, ಬಟ್ಟೆ ಒಣಗಿಸಲು ಜಾಗ ಇದ್ದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಡಿಸ್ಚಾರ್ಜ್ ತಾರೀಕು ಹಿಂದೆಮುಂದೆ ಆಗುವುದು ಸಾಮಾನ್ಯ, ಪೂರ್ತಿ ಹಣ ಮೊದಲೇ ಕಟ್ಟಬೇಡಿ.

ಪ್ರಶ್ನೆ: ಜುಲೈಯಲ್ಲಿ ಬೀಚ್ ರೆಸಾರ್ಟ್ ಅಗ್ಗವಂತೆ?
– ಓದುಗರು, ತುಮಕೂರು

ಉತ್ತರ: ಅಗ್ಗವಾಗಲು ಕಾರಣವಿದೆ. ಜೂನ್–ಜುಲೈ ಇಲ್ಲಿನ ಜಡಿಮಳೆಯ ತಿಂಗಳು. ಕಡಲಿಗೆ ಇಳಿಯಲು ಬಿಡುವುದಿಲ್ಲ. ಮಳೆ ನೋಡಲೆಂದೇ ಬರುವುದಾದರೆ ಕದ್ರಿ, ಬಲ್ಮಠದಂಥ ಎತ್ತರದ ಜಾಗ ಹಿಡಿಯಿರಿ. ಜೋರು ಮಳೆ ಬಿದ್ದರೆ ಕೊಟ್ಟಾರ ಚೌಕಿ, ಪಂಪ್‌ವೆಲ್, ಪಡೀಲ್ ಅಂಡರ್‌ಪಾಸ್‌ನಲ್ಲಿ ನೀರು ನಿಲ್ಲುತ್ತದೆ. ಪಡುವಣಕ್ಕೆ ಕಿಟಕಿ ಇರುವ ರೂಮಿನಲ್ಲಿ ಇರಚಲು ಹೊಡೆಯುತ್ತದೆ, ಮುಚ್ಚಿಟ್ಟರೆ ಬೂಷ್ಟಿನ ವಾಸನೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆಯೋ ರೈಲೋ ನಿಂತೀತು. ಆದ್ದರಿಂದ ರದ್ದು ಮಾಡಿದರೆ ಹಣ ಮರಳುವ ಬುಕಿಂಗ್ ಮಾತ್ರ ಮಾಡಿ.

ಪ್ರಶ್ನೆ: ಮಂಗಳೂರು ದಸರಾ ಮೆರವಣಿಗೆ ನೋಡಬೇಕು, ಮರುದಿನ ಬೆಳಿಗ್ಗೆ ಸೆಂಟ್ರಲ್‌ನಿಂದ ರೈಲು. ಎಲ್ಲಿರಲಿ?
– ಓದುಗರು, ಮೈಸೂರು

ಉತ್ತರ: ಅತ್ತಾವರದಲ್ಲಿ. ಮೆರವಣಿಗೆ ಕುದ್ರೋಳಿಯಿಂದ ಹೊರಟು ಲೇಡಿಹಿಲ್, ಲಾಲ್‌ಬಾಗ್, ಪಿವಿಎಸ್, ಕೆ.ಎಸ್. ರಾವ್ ರಸ್ತೆ, ಹಂಪನಕಟ್ಟೆ ಹಾದು ರಥಬೀದಿಯತ್ತ ತಿರುಗಿ ಕುದ್ರೋಳಿಗೇ ಮರಳುತ್ತದೆ. ರಾತ್ರಿಯಿಡೀ ಸಾಗಿ ಮುಗಿಯುವುದು ಬೆಳಿಗ್ಗೆ. ಆ ದಾರಿಯಲ್ಲೇ ರೂಮು ಸಿಕ್ಕರೆ ಬಾಲ್ಕನಿಯಿಂದ ಆರಾಮಾಗಿ ನೋಡಬಹುದು, ಆದರೆ ಗಾಡಿ ಹೊರಗೆ ತೆಗೆಯಲಾಗದು, ಬ್ಯಾಗು ಹೊತ್ತು ಜನರ ನಡುವೆ ನುಗ್ಗಬೇಕು. ಅತ್ತಾವರ ಆ ದಾರಿಗೆ ಹೊರಗಿದೆ, ಸೆಂಟ್ರಲ್‌ಗೆ ಪಕ್ಕದಲ್ಲಿದೆ. ನಡೆದು ಹಂಪನಕಟ್ಟೆಗೆ ಬಂದು ನೋಡಿ, ಸಾಕೆನಿಸಿದಾಗ ಹಿಂದಿರುಗಿ. ನವರಾತ್ರಿಯಲ್ಲಿ ರೂಮುಗಳು ಬೇಗ ತುಂಬುತ್ತವೆ, ರೈಲು ಟಿಕೆಟ್ ತೆಗೆದ ದಿನವೇ ಫೋನ್ ಮಾಡಿ.