ಗೊರಕೆಯನ್ನೂ ಒದ್ದೆ ಹಾಸಿಗೆಯನ್ನೂ ಒಟ್ಟಿಗೇ ಹೇಳಿ

ನಿಮ್ಮ ಪತ್ರ ಓದುತ್ತಾ ಓದುತ್ತಾ ಒಂದು ಸಾಲಿನ ಹತ್ತಿರ ನಿಂತುಬಿಟ್ಟೆ. ನೀವು ಅದನ್ನು ಯಾವುದೋ ಸಮಾಧಾನಕ್ಕೆ ಬರೆದಿದ್ದೀರಿ. ನನಗೆ ಮಾತ್ರ ಇಡೀ ಪತ್ರದಲ್ಲಿ ಅದೇ ಮುಖ್ಯ ಅನ್ನಿಸಿತು.

ಉಳಿದ ಓದುಗರಿಗೆ ವಿಷಯ ಇಷ್ಟು. ಇವರಿಗೆ 41 ವರ್ಷ. ಹೆಂಡತಿ, ಇಬ್ಬರು ಮಕ್ಕಳಿದ್ದಾರೆ. ಚಿಕ್ಕಂದಿನಲ್ಲಿ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗುತ್ತಿತ್ತು, ಒಂಬತ್ತನೇ ವಯಸ್ಸಿಗೆ ನಿಂತಿತು. ಈಗ ಐದು ತಿಂಗಳಲ್ಲಿ ನಾಲ್ಕು ಸಲ ಮತ್ತೆ ಆಗಿದೆ. ಹೆಂಡತಿಗೆ ಹೇಳಿಲ್ಲ, ಅಣ್ಣನಿಗೆ ಮಾತ್ರ ಹೇಳಿದ್ದಾರೆ. 'ಅಪರೂಪಕ್ಕೆ ಆಗುವುದಕ್ಕೆ ಡಾಕ್ಟರ್ ಬೇಕಾ?' ಅನ್ನುವುದು ಇವರ ಪ್ರಶ್ನೆ.

ಬೇಕು. ಮೂವತ್ತು ವರ್ಷ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗಲು ಶುರುವಾದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ತಿಂಗಳಿಗೊಮ್ಮೆ ಆದರೂ ಅಷ್ಟೇ, ವಾರಕ್ಕೊಮ್ಮೆ ಆದರೂ ಅಷ್ಟೇ.

ಆ ರಾತ್ರಿಗಳ ಬಗ್ಗೆ ಬರೆದಿದ್ದೀರಲ್ಲ, ಅದನ್ನು ಓದಿ ಸಂಕಟವಾಯಿತು. ಮೂರು ಗಂಟೆಗೆ ಎದ್ದು, ಲೈಟ್ ಹಾಕದೆ, ಮೊಬೈಲ್ ಬೆಳಕಿನಲ್ಲಿ ಬೆಡ್‌ಶೀಟ್ ಎಳೆದಿದ್ದೀರಿ. ನೀರಿನ ಸದ್ದು ಯಾರಿಗೂ ಕೇಳಬಾರದು ಅಂತ ಬಕೆಟ್ಟಿಗೆ ಟವೆಲ್ ಹಾಕಿ, ನಲ್ಲಿಯನ್ನು ಸಣ್ಣಗೆ ಬಿಟ್ಟು ತೊಳೆದಿದ್ದೀರಿ. ಹಾಸಿಗೆಯತ್ತ ಫ್ಯಾನ್ ತಿರುಗಿಸಿ ಬೆಳಗಾಗುವ ತನಕ ಕುರ್ಚಿಯಲ್ಲಿ ಕೂತಿದ್ದೀರಿ. ಆಮೇಲೆ ಸ್ನಾನ ಮಾಡಿ ಕೆಲಸಕ್ಕೆ ಹೋಗಿದ್ದೀರಿ. ಇದು ನಾಲ್ಕು ಸಲ. ಹೆಂಡತಿಗಾಗಲಿ ಮಕ್ಕಳಿಗಾಗಲಿ ಗೊತ್ತಿಲ್ಲ.

ಇನ್ನು ಆ ಸಾಲು. 'ಗೊರಕೆ ಜಾಸ್ತಿ ಅಂತ ಹೆಂಡತಿ ಒಂದು ವರ್ಷದಿಂದ ಮಕ್ಕಳ ರೂಮಿನಲ್ಲಿ ಮಲಗುತ್ತಾಳೆ, ಹಾಗಾಗಿ ಇಲ್ಲಿಯವರೆಗೆ ಬಚಾವಾಗಿದ್ದೇನೆ.'

ನೀವು ಬಚಾವಾಗಿಲ್ಲ. ಆ ಗೊರಕೆಯೇ ಇದರ ಮೂಲ ಇರಬಹುದು.

ಜೋರು ಗೊರಕೆ ಹೊಡೆಯುವ ಕೆಲವರಿಗೆ ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತದೆ. ಹತ್ತು ಸೆಕೆಂಡೋ, ಅದಕ್ಕಿಂತ ಜಾಸ್ತಿಯೋ ಉಸಿರು ನಿಲ್ಲುತ್ತದೆ. ಆಮೇಲೆ ಒಮ್ಮೆ ಬಿಕ್ಕಳಿಸಿದ ಹಾಗೆ ಎಳೆದುಕೊಂಡು ಮತ್ತೆ ಗೊರಕೆ ಶುರುವಾಗುತ್ತದೆ. ಇದಕ್ಕೆ ಸ್ಲೀಪ್ ಆಪ್ನಿಯಾ ಅನ್ನುತ್ತಾರೆ. ತೀವ್ರವಾಗಿದ್ದರೆ ಗಂಟೆಗೆ 30 ಸಲಕ್ಕಿಂತ ಹೆಚ್ಚು ಹೀಗಾಗುತ್ತದೆ. ಮುಚ್ಚಿದ ದಾರಿಯಲ್ಲಿ ಗಾಳಿ ಎಳೆಯಲು ಎದೆ ಹೆಣಗುತ್ತದೆ. ಆ ಎಳೆತಕ್ಕೆ ಹೃದಯದ ಮೇಲಿನ ಕೋಣೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂದುಕೊಂಡು ಹೃದಯ ಒಂದು ಹಾರ್ಮೋನ್ ಬಿಡುತ್ತದೆ, ಕಿಡ್ನಿ ಮೂತ್ರ ಜಾಸ್ತಿ ಮಾಡುತ್ತದೆ. ಇತ್ತ ರಾತ್ರಿಯಿಡೀ ಉಸಿರಿಗಾಗಿ ಒದ್ದಾಡಿ ಸುಸ್ತಾದವರಿಗೆ ಮೂತ್ರಕೋಶ ತುಂಬಿದರೂ ಎಚ್ಚರವಾಗುವುದಿಲ್ಲ. ಬೆಳಿಗ್ಗೆ ಬಾಯಿ ಒಣಗಿ ತಲೆ ಭಾರ ಇರುತ್ತದೆ ಅಂತ ನೀವೇ ಬರೆದಿದ್ದೀರಿ. ಮಧ್ಯಾಹ್ನ ಮೀಟಿಂಗ್‌ನಲ್ಲಿ ತೂಕಡಿಕೆ, ಎರಡು ವರ್ಷದಲ್ಲಿ 11 ಕಿಲೋ ಏರಿದ ತೂಕ, ಎಲ್ಲವೂ ನಿಮ್ಮ ಪತ್ರದಲ್ಲೇ ಇವೆ. ಒಂದೊಂದು ಒಂದೊಂದು ಕಡೆ ಬಿದ್ದಿವೆ, ಅಷ್ಟೇ.

ನಿಮಗೆ ಇದೇ ಆಗಿದೆ ಅಂತ ನಾನಿಲ್ಲಿ ಕೂತು ಹೇಳಲಾರೆ. ಶುಗರ್ ಶುರುವಾಗಿದ್ದರೂ ಹೀಗಾಗುತ್ತದೆ. ಮೂತ್ರದ ಸೋಂಕು, ದೊಡ್ಡದಾದ ಪ್ರಾಸ್ಟೇಟ್, ಹಳೇ ಮಲಬದ್ಧತೆ, ಮಾನಸಿಕ ತೊಂದರೆಗೆ ಕೊಡುವ ಕೆಲವು ಔಷಧಿ, ಮಲಗುವ ಮುಂಚಿನ ಕುಡಿತ, ಇವೂ ಕಾರಣ ಆಗಬಹುದು. ನಾಲಿಗೆ ಕಚ್ಚಿಕೊಂಡು, ಮೈಕೈ ನೋವಿನಲ್ಲಿ ಎದ್ದರೆ ನಿದ್ದೆಯಲ್ಲೇ ಫಿಟ್ಸ್ ಬಂದಿರಬಹುದು. ಮೂತ್ರ ಪರೀಕ್ಷೆ, ರಕ್ತದ ಶುಗರ್, ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಎಂದು ನೋಡುವ ಸ್ಕ್ಯಾನಿಂಗ್, ಇಷ್ಟರಲ್ಲೇ ಎಷ್ಟೋ ತಿಳಿಯುತ್ತದೆ. ಒಂದು ಮಾತು ಮಾತ್ರ ಎಲ್ಲರಿಗೂ: ಸೊಂಟ ನೋವಿನ ಜೊತೆ ತೊಡೆಸಂದಿ ಮರಗಟ್ಟಿದರೆ, ಕಾಲಿನ ಶಕ್ತಿ ಕಡಿಮೆಯಾದರೆ, ಅಥವಾ ಮೂತ್ರ ಬರುವುದೇ ನಿಂತರೆ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಬೇಕು. ಮೂತ್ರದಲ್ಲಿ ರಕ್ತ ಕಂಡರೂ ಕಾಯಬಾರದು.

ನಿಮ್ಮಣ್ಣನ ಮೇಲೆ ನನಗೆ ತುಂಬಾ ಸಿಟ್ಟು ಬಂದಿದೆ. ತಮ್ಮ ಬಾಯಿ ಬಿಟ್ಟು ಹೇಳಿಕೊಂಡಿದ್ದು ಅವರೊಬ್ಬರ ಹತ್ತಿರ. ಅವರು ಮೊದಲು ನಕ್ಕರು. ಆಮೇಲೆ 'ಟೆನ್ಷನ್ ಅಷ್ಟೇ' ಅಂದರು. 'ಸಂಜೆ ಐದರ ಮೇಲೆ ನೀರೇ ಮುಟ್ಟಬೇಡ' ಅಂದರು. ಕೊನೆಗೆ ತಮ್ಮದೇ ನಿದ್ದೆ ಮಾತ್ರೆ ಕೊಟ್ಟರು. ಈ ಮಾತ್ರೆಯೇ ಎಲ್ಲಕ್ಕಿಂತ ಅಪಾಯ. ಇಂಥ ಕೆಲವು ಮಾತ್ರೆಗಳು ಗಂಟಲಿನ ಸ್ನಾಯು ಸಡಿಲ ಮಾಡಿ ಉಸಿರು ಇನ್ನೂ ಜಾಸ್ತಿ ನಿಲ್ಲುವಂತೆ ಮಾಡುತ್ತವೆ, ಏಳಬೇಕಾದ ಎಚ್ಚರವನ್ನೂ ಕಿತ್ತುಕೊಳ್ಳುತ್ತವೆ. ಮನೆಯವರ ಮಾತ್ರೆ ಹಂಚಿಕೊಳ್ಳಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ಇಲ್ಲಿಯವರೆಗೆ ನುಂಗಿರುವುದು ಆರೇಳು ಅಂದಿದ್ದೀರಿ. ಇನ್ನು ಒಂದೂ ಬೇಡ. ನುಂಗಿದ್ದನ್ನು ಡಾಕ್ಟರಿಗೆ ಹೇಳಿ. ಹಗಲಲ್ಲಿ ನೀರು ಸರಿಯಾಗಿ ಕುಡಿಯಿರಿ. ಮಲಗುವ ಎರಡು ಗಂಟೆ ಮುಂಚೆ ಕಡಿಮೆ ಮಾಡಿದರೆ ಸಾಕು. ಬಾಯಾರಿಕೊಂಡು ಕೂತರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶಕ್ಕೇ ಕಿರಿಕಿರಿ.

ಹೆಂಡತಿ ವಿಷಯಕ್ಕೆ ಬರುತ್ತೇನೆ. 'ಅವಳಿಗೆ ಅಸಹ್ಯ ಆಗಬಹುದು' ಅಂತ ಬರೆದಿದ್ದೀರಿ. ಒಂದು ವರ್ಷ ಮಕ್ಕಳ ಮಂಚದ ತುದಿಯಲ್ಲಿ ಮುದುಡಿ ಮಲಗಿ, ಬೆಳಿಗ್ಗೆ ಎದ್ದು ಎಲ್ಲರ ಕೆಲಸ ಮಾಡಿದವರು ಅವರು. ಆ ಒಂದು ವರ್ಷದ ಬಗ್ಗೆ ಪತ್ರದಲ್ಲಿ ಅರ್ಧ ಸಾಲೂ ಇಲ್ಲ. ಇಲ್ಲಿ ನನ್ನ ಮನಸ್ಸು ಅವರ ಕಡೆಗೇ ವಾಲುತ್ತದೆ. ಸುಮ್ನೆ ಊಹೆ ಮಾಡಿಕೊಂಡು ಅವರಿಗೆ ಅಸಹ್ಯದ ಪಟ್ಟ ಕಟ್ಟಬೇಡಿ. ಇಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಹೇಳಿ. ಸುತ್ತಿ ಬಳಸಿ ಹೇಳುವುದು ಬೇಡ. 'ನಿದ್ದೆಯಲ್ಲಿ ನಾಲ್ಕು ಸಲ ಹಾಸಿಗೆ ಒದ್ದೆಯಾಗಿದೆ. ಭಯ ಆಗ್ತಿದೆ. ಡಾಕ್ಟರ್ ಹತ್ತಿರ ನನ್ನ ಜೊತೆ ಬಾ.' ಇಷ್ಟು ಸಾಕು, ಅಲ್ವಾ?

ದೊಡ್ಡವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಈ ತೊಂದರೆ ಇದೆ. ಚಿಕ್ಕಂದಿನಿಂದ ನಿಲ್ಲದೇ ಇರುವವರೂ ಇದ್ದಾರೆ, ಅವರಿಗೂ ಚಿಕಿತ್ಸೆ ಇದೆ. ಆಪ್ನಿಯಾ ಇದ್ದರೆ ಮಲಗುವಾಗ ಮೂಗಿಗೆ ಮಾಸ್ಕ್ ಹಾಕಿ ಗಾಳಿ ಒತ್ತುವ ಯಂತ್ರ ಕೊಡುತ್ತಾರೆ. ಉಸಿರು ಸರಿಹೋದ ಎಷ್ಟೋ ಜನರಿಗೆ ರಾತ್ರಿಯ ಮೂತ್ರವೂ ಕಡಿಮೆಯಾಗುತ್ತದೆ. ಅದು ತಿಳಿಯುವವರೆಗೆ ತೂಕಡಿಕೆ ಬರುವಾಗ ಗಾಡಿ ಓಡಿಸಬೇಡಿ.

ನಾನು ಹೇಳುವುದು ಒಂದೇ ಕೆಲಸ. ಈ ವಾರವೇ ಡಾಕ್ಟರ್ ಮುಂದೆ ಕೂತು ಎರಡನ್ನೂ ಒಂದೇ ಉಸಿರಿಗೆ ಹೇಳಿ: 'ಜೋರು ಗೊರಕೆ ಇದೆ, ಹಾಸಿಗೆಯಲ್ಲೇ ಮೂತ್ರ ಹೋಗುತ್ತಿದೆ.' ನಾಚಿಕೆಗೆ ಒಂದನ್ನು ನುಂಗಿದರೆ ಇನ್ನೊಂದಕ್ಕೆ ಮಾತ್ರ ಔಷಧಿ ಬರೆದು ಕಳಿಸುತ್ತಾರೆ. ಹೆಂಡತಿಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬೇಡಿ. 'ನಿದ್ದೆಯಲ್ಲಿ ಉಸಿರು ನಿಲ್ಲುತ್ತದಾ?' ಅಂತ ಡಾಕ್ಟರ್ ಕೇಳುತ್ತಾರೆ. ಅದಕ್ಕೆ ಉತ್ತರ ಗೊತ್ತಿರುವುದು ಅವರೊಬ್ಬರಿಗೇ.